ಕತ್ತಲಲ್ಲಿ ಮುಖ ಕಾಣುವ ಕ್ಯಾಮೆರಾ

ಬಸ್ಸಿನ ಸಾಲಿನಲ್ಲಿ ನಿಂತಿದ್ದ ಅಂಚೆಯವಳ ಕಿವಿ ಮುಂದಿದ್ದ ಅತ್ತಿಗೆ ನಾದಿನಿಯರ ಮಾತಿಗೆ ಅಂಟಿಕೊಂಡಿತು. ಇಬ್ಬರದೂ ಬಣ್ಣದ ಕಾರ್ಖಾನೆಯ ಸಮವಸ್ತ್ರ. ನಾದಿನಿಯ ಕೈಯಲ್ಲಿ ಕ್ಯಾಮೆರಾ ಅಂಗಡಿಯವನು ಬರೆದುಕೊಟ್ಟ ಚೀಟಿ.

“ಅತ್ತಿಗೆ, ಲೆನ್ಸ್ ಬಿಟ್ಟು ತಗೊಂಡ್ರೆ ಅಗ್ಗವಂತೆ.”

“ತಲೆಗೊಂದು ರೇಟು, ಮುಂಡಕ್ಕೊಂದು ರೇಟಾ? ಕಣ್ಣಿಲ್ಲದ್ದನ್ನ ಕಟ್ಕೊಂಡು ಏನ್ಮಾಡೋದೇ?”

“ಲೆನ್ಸ್ ಇರೋ ಹಳೇದೂ ಇದೆ. ಅದು ಹದಿನೆಂಟು ಮೆಗಾಪಿಕ್ಸೆಲ್, ಹೊಸದು ಇಪ್ಪತ್ನಾಲ್ಕು.”

“ಯಾವುದು ಒಳ್ಳೇದಂತೆ?”

“ಅವನು ಅರ್ಧ ಗಂಟೆ ಹೇಳಿದ. ನನಗೆ ತಲೆಬುಡ ತಿಳೀಲಿಲ್ಲ.”

“ಆ ಪಿಕ್ಸೆಲ್ ಮನೆ ಹಾಳಾಗ! ಬಣ್ಣದ ತೊಟ್ಟಿಯೊಳಗಿನ ಕತ್ತಲಲ್ಲಿ ಮುಖ ಕಾಣ್ಬೇಕು, ಅಷ್ಟೇ. ಫೋನಲ್ಲಿ ತೆಗೆದಿದ್ದಕ್ಕೆ ಆ ಕಾರ್ಮಿಕ ಇಲಾಖೆ ಸಾಹೇಬ, ‘ಇದು ಆಳೋ ನೆರಳೋ, ಮಾಸ್ಕ್ ಇದೆಯೋ ಇಲ್ವೋ’ ಅಂತ, ಮಾಸ್ಕ್ ಕೊಡದೆ ಇಳಿಸ್ತಾರೆ ಅಂತ ನಾವು ಕೊಟ್ಟ ದೂರನ್ನೇ ಎಸೆದನಲ್ಲ. ಉಸಿರಿಗೂ ಸಾಕ್ಷಿ ಕೇಳೋ ಜನ!”

“ಹಾಗಾದ್ರೆ ಕತ್ತಲಿಗೆ ಯಾವುದು ಅಂತ ಕೇಳ್ತೀನಿ. ಯಾರ ಫೋಟೊ ತೆಗೀತೀರಿ ಅಂದ್ರೆ?”

“ಮನೆಯವರದು ಅನ್ನು. ಸುಳ್ಳೇನಲ್ಲ. ಸೋಮವಾರ ತೊಟ್ಟಿ ತೊಳೆಯೋಕೆ ಇಳಿಯೋ ಸರದಿ ನಿಮ್ಮಣ್ಣಂದು.”

ನಾದಿನಿ ಚೀಟಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದಳು. ಬಸ್ಸು ಬಂತು. ಅತ್ತಿಗೆ ಅವಳ ರಟ್ಟೆ ಹಿಡಿದು ಹತ್ತಿಸಿದಳು. ಅಂಚೆಯವಳ ಬಸ್ಸು ಬೇರೆ.