ತಂತಿ ಸುತ್ತುವಾಗ ಕರೆಯಬಾರದು

ಬಾಗಿಲು ಸ್ವಲ್ಪ ಮುಂದೆ ಮಾಡಿ. ಹಾಂ, ಅಷ್ಟು ಸಾಕು. ನಡುವೆ ಯಾರೂ ನಗಬೇಡಿ. ನಕ್ಕರೆ ನಾನು ಎದ್ದು ಹೋಗಿ ಮಲಗಿಬಿಡ್ತೀನಿ.

ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ನಾನು ಅವನನ್ನ ಅಣ್ಣ ಅಂತೀನಿ, ಬೀದಿಯವರೆಲ್ಲ ಬೆಸುಗೆ ಅಂತಿದ್ರು. ಹಗಲು ಲಿಫ್ಟ್ ರಿಪೇರಿ ಮಾಡೋದು, ರಾತ್ರಿ ಮನೆ ಹಿಂದಿನ ಕೋಣೇಲಿ ಕೂತು ಹಳೇ ರೇಡಿಯೊ ಭಾಗಗಳಿಗೆ ಬೆಸುಗೆ ಹಾಕೋದು. ಅತ್ತಿಗೆ ತಮಾಷೆ ಮಾಡ್ತಿದ್ರು, ನನ್ನನ್ನ ಕಟ್ಕೊಂಡಿದ್ದು ಲೋಕಕ್ಕೆ ತೋರಿಸೋಕೆ, ಸಂಸಾರ ಎಲ್ಲಾ ಆ ಬೆಸುಗೆ ಕಡ್ಡಿ ಜೊತೆ ಅಂತ.

ಒಂದು ರಾತ್ರಿ ಅಣ್ಣ ತಡವಾಗಿ ನಡ್ಕೊಂಡು ಮನೆಗೆ ಬರ್ತಾ ಇದ್ದ. ಹೆಗಲಲ್ಲಿ ಒಂದು ಬಟ್ಟೆ ಚೀಲ. ದಾರೀಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಅಲ್ಲಿಗೆ ಬಂದಾಗ ಬಲಗಿವಿ ಹತ್ತಿರ ಯಾರೋ ಮೆಲ್ಲಗೆ ಎಣಿಸೋದು ಕೇಳಿಸ್ತು.

ಮೂವತ್ತೊಂದು… ಮೂವತ್ತೆರಡು… ಮೂವತ್ತಮೂರು…

ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. ಬಾವಿ ಕಡೆಯಿಂದ ಬರ್ತಿದೆಯಾ ಅಂತ ಬಗ್ಗಿ ನೋಡಿದ. ಅಲ್ಲಿ ಬರೀ ನೀರಿನ ವಾಸನೆ. ಚೀಲ ಭಾರ ಆಗಿತ್ತು, ಎಡಗಡೆ ಹೆಗಲಿಗೆ ಬದಲಾಯಿಸ್ಕೊಂಡ…

ಎಣಿಕೆ ಎಡಗಿವಿಗೆ ಬಂತು.

ಅಣ್ಣ ಓಡಲಿಲ್ಲ. ಅವನು ಹಾಗೆ ಓಡೋ ಜಾತಿಯಲ್ಲ. ಲಿಫ್ಟ್ ಗುಂಡೀಲಿ ಒಬ್ಬನೇ ಇಳಿದು ಕೆಲಸ ಮಾಡೋನು. ಹೊಟ್ಟೆ ಹಸಿದ್ರೆ ಕಿವಿ ಗುಂಯ್ ಅನ್ನುತ್ತೆ ಅಂತ ತನಗೆ ತಾನೇ ಹೇಳ್ಕೊಂಡು ಮನೆಗೆ ಬಂದ. ಅತ್ತಿಗೆಗೆ ಹೇಳಲಿಲ್ಲ. ಅದೇ ಅವನು ಮಾಡಿದ ದಡ್ಡತನ.

ಚೀಲದಲ್ಲಿ ಏನಿತ್ತು ಅಂತ ಹೇಳ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ.

ಅಣ್ಣ ಒಂದು ಆಂಪ್ಲಿಫೈಯರ್ ಕಟ್ತಾ ಇದ್ದ. ಈಗಿನ ಥರ ಅಲ್ಲ, ವಾಲ್ವ್‌ದು. ಹಳೇ ರೇಡಿಯೊ ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಉರೀತಿದ್ವಲ್ಲ, ಅವು. ವಾಲ್ವ್ ಸಿಕ್ತು, ತಗಡಿನ ಪೆಟ್ಟಿಗೆ ತಾನೇ ಮಡಚಿಕೊಂಡ. ಆದ್ರೆ ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು, ಕೈಯಲ್ಲೇ ಸುತ್ತಬೇಕು. ಅದನ್ನ ಸರಿಯಾಗಿ ಸುತ್ತೋರು ಅಂದ್ರೆ ರೇಡಿಯೊ ಮೇಷ್ಟ್ರು ಒಬ್ಬರೇ. ಅಣ್ಣನಿಗೆ ಬೆಸುಗೆ ಹಿಡಿಯೋದು ಕಲಿಸಿದ್ದೂ ಅವರೇ.

ಮೇಷ್ಟ್ರ ಮನೇಲಿ ಒಂದು ಕಟ್ಟಳೆ ಇತ್ತು. ಅವರು ತಂತಿ ಸುತ್ತುವಾಗ ಯಾರೂ ಕರೆಯಬಾರದು. ಬಾಯಲ್ಲಿ ಎಣಿಸ್ತಾನೇ ಸುತ್ತೋ ಯಂತ್ರದ ಹಿಡಿ ತಿರುಗಿಸೋರು. ಕರೆದ್ರೆ ಲೆಕ್ಕ ತಪ್ಪುತ್ತೆ. ತಪ್ಪಿದ್ರೆ ಎಲ್ಲಾ ಬಿಚ್ಚಿ ಮತ್ತೆ ಒಂದರಿಂದ. ಇನ್ನೊಂದು ಮಾತೂ ಹೇಳೋರು, ಒಬ್ಬರ ಎಣಿಕೆ ಮೇಲೆ ಇನ್ನೊಬ್ಬರು ಎಣಿಸಬಾರದು.

ಅವರು ಹಿಂದಿನ ವರ್ಷ ತೀರ್ಕೊಂಡಿದ್ರು. ತಂತಿ ಸುತ್ತುತ್ತಾ ಇರುವಾಗಲೇ. ಸುತ್ತುವ ಯಂತ್ರದ ಮೇಲೆ ಅರ್ಧ ಸುತ್ತಿದ ಸುರುಳಿ ಹಾಗೇ ಇತ್ತು. ಮಕ್ಕಳಿಲ್ಲ, ಮರಿಗಳಿಲ್ಲ. ಅವರ ಹೆಂಡತಿ ಅದನ್ನ ಯಂತ್ರದ ಸಮೇತ ಅಣ್ಣನಿಗೆ ಕೊಟ್ರು. “ನನಗೆ ಅದನ್ನ ನೋಡೋಕೆ ಆಗಲ್ಲಪ್ಪ, ನೀನೇ ತಗೊಂಡು ಹೋಗು” ಅಂದ್ರಂತೆ. ಆ ರಾತ್ರಿ ಚೀಲದಲ್ಲಿ ಇದ್ದಿದ್ದು ಅದೇ.

ಅಣ್ಣ ಅದನ್ನ ಬಿಚ್ಚಿ ಒಂದರಿಂದ ಸುತ್ತಬೇಕಿತ್ತು. ಬಿಚ್ಚಲಿಲ್ಲ. ಮೇಷ್ಟ್ರ ಕೈ ಸುತ್ತಿದ್ದನ್ನ ಬಿಚ್ಚೋಕೆ ಮನಸ್ಸು ಬರಲಿಲ್ಲ ಅಂದ. ಅವರು ಎಲ್ಲಿ ನಿಲ್ಲಿಸಿದ್ರು ಅಂತ ಕಣ್ಣಳತೇಲೇ ಅಂದಾಜು ಮಾಡಿ, ಅಲ್ಲಿಂದ ಮುಂದಕ್ಕೆ ತಾನು ಸುತ್ತಿದ. ಕಿರ್ರ್… ಕಿರ್ರ್… ಮನೆ ತುಂಬಾ ಅದೇ ಸದ್ದು. ಮುಗಿಸೋಕೆ ಕೆಲವು ರಾತ್ರಿ ಹಿಡಿದ್ವು. ಆ ರಾತ್ರಿಗಳಲ್ಲಿ ಅತ್ತಿಗೆಗೂ ಅದೇ ಕಟ್ಟಳೆ ಹೇಳಿದ್ದ, ಕರೀಬೇಡ.

ಪೆಟ್ಟಿಗೆ ತಯಾರಾಯ್ತು. ಸ್ವಿಚ್ ಹಾಕಿದ. ಟಪ್. ಮೊದಲು ಏನೂ ಇಲ್ಲ… ಆಮೇಲೆ ವಾಲ್ವ್‌ಗಳ ಒಳಗೆ ಕಿತ್ತಳೆ ಬಣ್ಣ ನಿಧಾನವಾಗಿ ಏರ್ತು. ಪೆನ್ಸಿಲ್ ತುದೀಲಿ ಗಾಜು ತಟ್ಟಿದ. ಸ್ಪೀಕರ್‌ನಲ್ಲಿ ಟಿಣ್. ಹಾಡು ಹಾಕಿದ. ಅತ್ತಿಗೆ ಒದ್ದೆ ಕೈ ಸೆರಗಿಗೆ ಒರೆಸ್ಕೊಂಡು ಬಂದು ಬಾಗಿಲಲ್ಲಿ ನಿಂತು, ಹಾಡು ಮುಗಿಯೋ ತನಕ ಅಲ್ಲಾಡಲಿಲ್ಲ. “ಹಾಡೋರು ಇಲ್ಲೇ ಕೂತ ಹಾಗಿದೆ ರೀ” ಅಂದ್ರು. ಅತ್ತಿಗೆ ಬಾಯಲ್ಲಿ ಹೊಗಳಿಕೆ ಬರೋದು ಅಂದ್ರೆ ಸುಮ್ಮನೆ ಅಲ್ಲ. ಅಣ್ಣ ಉಬ್ಬಿ ಹೋದ.

ಅತ್ತಿಗೆ ಮಲಗಿದ ಮೇಲೆ ಹಾಡಿನ ತಂತಿ ತೆಗೆದುಹಾಕಿದ. ಪೆಟ್ಟಿಗೆ ತಾನಾಗಿ ಎಷ್ಟು ಗುಂಯ್ ಅನ್ನುತ್ತೆ ಅಂತ ನೋಡೋಕೆ ಹಾಗೆ ಮಾಡ್ತಾರೆ. ಒಳಗೆ ಏನೂ ಹೋಗ್ತಾ ಇಲ್ಲ, ಹೊರಗೂ ಏನೂ ಬರಬಾರದು. ಕಿವಿ ಸ್ಪೀಕರ್‌ಗೆ ಇಟ್ಟ.

ಗುಂಯ್… ಅದರ ಹಿಂದೆ ಸುಯ್… ಅದರ ಹಿಂದೆ…

ಇನ್ನೂರ ಎಂಟು… ಇನ್ನೂರ ಒಂಬತ್ತು…

ಮೇಷ್ಟ್ರ ದನಿ. ಮೂಗಿನಿಂದ ಬರ್ತಿದ್ದ ಆ ಸಣ್ಣ ಶಿಳ್ಳೆ ಸಮೇತ.

ನೀವಾಗಿದ್ರೆ ಏನು ಮಾಡ್ತಿದ್ರಿ? ನಾನಾಗಿದ್ರೆ ವೈರು ಕಿತ್ತೆಸೆದು ಅತ್ತೆ ಮನೆಗೆ ಓಡ್ತಿದ್ದೆ. ಅಣ್ಣ ಅಳ್ತಾ ಕೂತಿದ್ದನಂತೆ. ಸಂತೋಷಕ್ಕೆ. ತಂದೆ ಇಲ್ಲದೆ ಬೆಳೆದ ಅವನಿಗೆ ಆ ದನಿ ಅಂದ್ರೆ ಅಷ್ಟು.

ಆ ದನಿ ಎಣಿಸುತ್ತಾ ಹೋಗೋದು, ಎಲ್ಲೋ ಒಂದು ಕಡೆ ತಡವರಿಸೋದು. “ಛೆ” ಅನ್ನೋದು. ಮತ್ತೆ ಒಂದು… ಎರಡು… ರಾತ್ರಿ ಎಲ್ಲಾ ಹಾಗೇ. ಅಣ್ಣನಿಗೆ ಕರುಳು ಚುರ್ ಅಂತು. ಪಾಪ, ಸತ್ತ ಮೇಲೂ ಲೆಕ್ಕ ಮುಗಿದಿಲ್ಲ. ನಾನು ಜೊತೆಗೆ ಎಣಿಸಿದ್ರೆ ಅವರಿಗೆ ತಪ್ಪಲ್ಲ ಅಂತ ಅವನೂ ಶುರು ಮಾಡಿದ.

ಮೊದಮೊದಲು ರಾತ್ರಿ ಮಾತ್ರ. ಆಮೇಲೆ ಕೆಲಸಕ್ಕೆ ಹೋಗೋದು ಬಿಟ್ಟ. ಆಮೇಲೆ ಊಟ ಬಿಟ್ಟ. ಅತ್ತಿಗೆ ಬಾಗಿಲ ಹತ್ತಿರ ತಟ್ಟೆ ಇಡೋರು, ಬೆಳಗ್ಗೆ ಹಾಗೇ ತೆಗೆಯೋರು. ಕರೀಬೇಡ ಅಂದಿದ್ದಾನಲ್ಲ, ಕರೀಲಿಲ್ಲ. ಕೊನೆಗೆ ಹೆದರಿ ನನಗೆ ಹೇಳಿ ಕಳಿಸಿದ್ರು.

ನಾನು ಹೋಗಿ ನೋಡಿದೆ… ಅದನ್ನ ಈಗಲೂ ನೆನೆಸ್ಕೊಳ್ಳೋಕೆ ಇಷ್ಟ ಇಲ್ಲ ನನಗೆ. ಅಣ್ಣ ಸ್ಟೂಲ್ ಮೇಲೆ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು. ಕಣ್ಣು ತೆರೆದೇ ಇತ್ತು, ಆದ್ರೆ ನೋಟ ಎಲ್ಲೂ ಇರಲಿಲ್ಲ. ಬಲಗೈ ಗಾಳೀಲಿ ಹಿಡಿ ತಿರುಗಿಸ್ತಾ ಇತ್ತು. ಎದುರಿಗೆ ಯಂತ್ರ ಇಲ್ಲ, ಏನೂ ಇಲ್ಲ. ತುಟಿ ಅಲ್ಲಾಡ್ತಾ ಇತ್ತು. ಸ್ಪೀಕರ್ ಮತ್ತು ಅವನು, ಇಬ್ಬರೂ ಒಟ್ಟಿಗೆ, ಒಂದೇ ಉಸಿರಲ್ಲಿ…

“ಅತ್ತಿಗೆ, ವೈರು ಕೀಳಿ” ಅಂದೆ ಮೆಲ್ಲಗೆ.

“ಕಿತ್ತಿದ್ದೆ ಕಣೇ.”

“ಆಮೇಲೆ?”

ಅತ್ತಿಗೆ ಹೋಗಿ ಪ್ಲಗ್ ತೆಗೆದು ತೋರಿಸಿದ್ರು. ವಾಲ್ವ್ ಆರಿದ್ವು. ಸ್ಪೀಕರ್ ಸುಮ್ಮನಾಯ್ತು. ಅಣ್ಣ ಎಣಿಸ್ತಾನೇ ಇದ್ದ. ಆದ್ರೆ ಅವನ ದನೀಲಿ ಅಲ್ಲ. ಮೇಷ್ಟ್ರ ದನೀಲಿ. ಮೂಗಿನ ಆ ಶಿಳ್ಳೆ ಅಣ್ಣನ ಮೂಗಿನಿಂದ ಬರ್ತಾ ಇತ್ತು.

ಅತ್ತಿಗೆ ಪ್ಲಗ್ ವಾಪಸ್ ಹಾಕಿದ್ರು. “ಅದಕ್ಕೇ ಹಾಕಿಟ್ಟಿದ್ದೀನಿ” ಅಂದ್ರು.

ನನಗೆ ತಡೀಲಿಲ್ಲ. “ಅಣ್ಣಾ” ಅಂತ ಕರೆದೆ. ಅವನ ಮೈ ಬೆಚ್ಚಿತು. ಇಬ್ಬರೂ, ಅವನೂ ಸ್ಪೀಕರೂ, ಒಟ್ಟಿಗೆ “ಛೆ” ಅಂದ್ರು. ಮತ್ತೆ… ಒಂದು… ಎರಡು… ಅವನ ಮೂಗಿನಿಂದ ಒಂದು ಎಳೆ ರಕ್ತ ಇಳೀತು. ಹೀಗೇ ಬಿಟ್ರೆ ಇವನೂ ಎಣಿಸ್ತಾ ಎಣಿಸ್ತಾ ಹೋಗಿಬಿಡ್ತಾನೆ ಅಂತ ಆಗ ಗೊತ್ತಾಯ್ತು ನನಗೆ. ಚಪ್ಪಲಿ ಕೂಡ ಹಾಕ್ಕೊಳ್ಳದೆ ಮೇಷ್ಟ್ರ ಮನೆಗೆ ಓಡಿದೆ.

ಮೇಷ್ಟ್ರ ಹೆಂಡತಿ ಎಚ್ಚರ ಇದ್ರು. ನಾನು ಹೇಳಿದ್ದನ್ನೆಲ್ಲ ಕೇಳಿದ್ರು. ನಂಬಲಿಲ್ಲ ಅನ್ನೋ ಮಾತೇ ಇಲ್ಲ. ನನ್ನ ಜೊತೆಗೇ ಹೊರಟು, ದಾರೀಲಿ ಬಾವಿ ದಾಟಿದ ಮೇಲೆ ಬಾಯಿಬಿಟ್ರು.

“ಅವರು ಹೋದ ರಾತ್ರಿ ಊಟಕ್ಕೆ ಎರಡು ಸಲ ಕರೆದೆ ಕಣಮ್ಮ. ಎರಡು ಸಲವೂ ಲೆಕ್ಕ ತಪ್ಪಿಸಿದೆ ಅಂತ ಬೈದ್ರು. ನನಗೂ ರೋಷ ಬಂತು. ಏನಾದ್ರೂ ಮಾಡ್ಕೊಳ್ಳಿ ಅಂತ ಮಲಗಿಬಿಟ್ಟೆ.”

ಸೆರಗು ಬಿಗಿಯಾಗಿ ಹೊದ್ಕೊಂಡ್ರು.

“ಕಾಗದ ಹಾಕೋವರೆಗೆ ಕಾದಿದ್ರೆ ಬರ್ತಿದ್ರು. ಕಾಯಲಿಲ್ಲ ನಾನು.”

ಕಾಗದ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಕೇಳಿದೆ. ತಂತಿ ಒಂದು ಪದರ ತುಂಬಿದ ಮೇಲೆ ಅದರ ಮೇಲೆ ಒಂದು ಸುತ್ತು ಕಾಗದ ಹಾಕ್ತಾರಂತೆ, ಪದರಕ್ಕೆ ಪದರ ತಾಗಬಾರದು ಅಂತ. ಅಷ್ಟು ಹೊತ್ತು ಎಣಿಕೆ ನಿಲ್ಲುತ್ತೆ. ಕರೆಯೋದಿದ್ರೆ ಆಗ ಕರೀಬೇಕು. ಆ ಮನೇಲಿ ಅಷ್ಟು ವರ್ಷ ಸಂಸಾರ ನಡೆದಿದ್ದೇ ಹಾಗೆ. ಊಟ, ನಿದ್ದೆ, ಜಗಳ ಎಲ್ಲಾ ಕಾಗದ ಹಾಕೋ ಹೊತ್ತಿಗೆ.

ಕೋಣೆ ಬಾಗಿಲಲ್ಲಿ ಆಕೆ ನಿಂತ್ರು. ಅಳಲಿಲ್ಲ. ಗಂಡನ ದನಿ ಕೇಳಿ ತಲೆ ಸ್ವಲ್ಪ ವಾಲಿಸಿದ್ರು ಅಷ್ಟೆ. ಅತ್ತಿಗೆ ಅವರ ಕೈ ಹಿಡ್ಕೊಂಡು, “ಕರೀರಿ ಅಮ್ಮ, ಬೇಗ ಕರೀರಿ” ಅಂದ್ರು.

“ಈಗ ಬೇಡ.”

“ಅವರ ಮುಖ ನೋಡಿ…”

“ಈಗ ಕರೆದ್ರೆ ಮತ್ತೆ ಒಂದರಿಂದ. ಸುಮ್ಮನಿರಮ್ಮ.”

ನಾವು ಮೂವರೂ ನಿಂತ್ಕೊಂಡ್ವಿ. ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಕಾಲು ಜೋಮು ಹಿಡೀತು. ಅಣ್ಣನ ದನಿ ಸಣ್ಣಗಾಗ್ತಾ ಬಂತು, ಸ್ಪೀಕರ್ ದನಿ ದೊಡ್ಡದಾಗ್ತಾ ಬಂತು. ಕೊನೆಗೆ ಅವನ ತುಟಿ ಮಾತ್ರ ಅಲ್ಲಾಡ್ತಾ ಇತ್ತು. ಅತ್ತಿಗೆ ನನ್ನ ಭುಜ ಕಚ್ಕೊಂಡು ಅಳು ತಡೆದ್ರು, ಗುರುತು ಒಂದು ವಾರ ಇತ್ತು.

ಆಗ… ಎಣಿಕೆ ನಿಂತಿತು.

ಸ್ಪೀಕರ್ ಒಳಗೆ ಪರ್… ಅಂತ ಕಾಗದ ಹರಿದ ಸದ್ದು. ಆಮೇಲೆ ಸರಸರ ಅಂತ ಅದನ್ನ ಸುತ್ತೋ ಸದ್ದು.

ಆಕೆ ಕೂಗಲಿಲ್ಲ. ದಿನಾ ಕರೆಯೋ ಹಾಗೆ ಕರೆದ್ರು.

“ರೀ… ಸಾಕು. ಊಟಕ್ಕೆ ಬನ್ನಿ.”

ಗುಂಯ್… ಅಷ್ಟೇ ಕೇಳಿಸ್ತಾ ಇತ್ತು.

“ಬಂದೆ.”

ಸ್ಪೀಕರ್‌ನಿಂದ. ಅಣ್ಣನ ಬಾಯಿ ಮುಚ್ಚಿತ್ತು, ನಾನು ನೋಡ್ತಾ ಇದ್ದೆ. ಆಮೇಲೆ ಕುರ್ಚಿ ಹಿಂದಕ್ಕೆ ಎಳೆದ ಸದ್ದು. ಮಂಡಿ ಲಟಕ್ ಅಂದ ಸದ್ದು. ಆಮೇಲೆ ಬರೀ ಗುಂಯ್.

ಅಣ್ಣನ ಕೈ ತೊಡೆ ಮೇಲೆ ಬಿತ್ತು. ಕಣ್ಣು ಮಿಟುಕಿಸಿದ. ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ನೋಡಿ, “ಏನು, ಎಲ್ಲರದ್ದೂ ಊಟ ಆಯ್ತಾ?” ಅಂದ. ಅತ್ತಿಗೆ ಅವನ ಬೆನ್ನಿಗೆ ಎರಡು ಗುದ್ದಿ, ಆಮೇಲೆ ತಬ್ಕೊಂಡು ಅತ್ರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಆಕೆಗೆ ಇಲ್ಲೇ ಮಲಗಿ, ಬೆಳಗ್ಗೆ ಹೋದ್ರಾಯ್ತು ಅಂದ್ವಿ. ಕೇಳಲಿಲ್ಲ. ಸೆರಗು ಸರಿ ಮಾಡ್ಕೊಂಡು, “ಹೋಗಿ ಅಡುಗೆ ಮಾಡ್ಬೇಕಮ್ಮ” ಅಂದ್ರು. ಅಷ್ಟು ಹೊತ್ತಲ್ಲಿ.

ಅಣ್ಣ ಚೇತರಿಸ್ಕೊಂಡ. ಆ ಸುರುಳಿ ಪೂರ್ತಿ ಬಿಚ್ಚಿ, ಹೊಸ ತಂತಿ ತಂದು ತಾನೇ ಒಂದರಿಂದ ಸುತ್ತಿದ. ಆ ಆಂಪ್ಲಿಫೈಯರ್ ಇವತ್ತಿಗೂ ಅವನ ಮನೇಲಿದೆ, ಹಾಡು ಬಿಟ್ರೆ ಬೇರೇನೂ ಬರಲ್ಲ. ಬೇಕಾದ್ರೆ ಹೋಗಿ ಕೇಳಿ.

ಇನ್ನು ಇದನ್ನ ನಂಬೋದು ಬಿಡೋದು ನಿಮಗೆ ಸೇರಿದ್ದು. ನಾನು ನನ್ನ ಕಿವಿಯಾರೆ ಕೇಳಿದ್ದನ್ನ ಹೇಳ್ತೀನಿ. ಒಂದು ವಾರ ಆದ ಮೇಲೆ ನಾನೂ ಅಣ್ಣನೂ ಆಕೆಯನ್ನ ನೋಡ್ಕೊಂಡು ಬರೋಣ ಅಂತ ಹೋದ್ವಿ. ಮಧ್ಯಾಹ್ನ. ಬಿಸಿಲು ಸುಡ್ತಾ ಇತ್ತು, ದೆವ್ವ ಓಡಾಡೋ ಹೊತ್ತಲ್ಲ. ಆಕೆ ಬಾಗಿಲು ತೆಗೆದ್ರು. ಮುಖ ತುಂಬಿಕೊಂಡಿತ್ತು. ಅಣ್ಣ ಯಾವಾಗಲಿನ ಹಾಗೆ ಗಟ್ಟಿಯಾಗಿ, “ಹೇಗಿದ್ದೀರಮ್ಮ?” ಅಂದ.

“ಮೆಲ್ಲಗಪ್ಪ” ಅಂದ್ರು ಆಕೆ. “ಈಗ ತಾನೇ ಕಣ್ಣು ಮುಚ್ಚಿದ್ದಾರೆ.”

ನಾವು ಹೊಸ್ತಿಲಲ್ಲೇ ನಿಂತ್ವಿ. ಆ ಮನೇಲಿ ಇರೋದು ಎರಡೇ ಕೋಣೆ, ಆಕೆ ಬಿಟ್ರೆ ಇನ್ಯಾರೂ ಇಲ್ಲ. ಒಳಗಿನ ಕೋಣೆ ಬಾಗಿಲು ಅರ್ಧ ಮುಚ್ಚಿತ್ತು. ಅಲ್ಲಿಂದ ಗೊರಕೆ ಕೇಳಿಸ್ತಾ ಇತ್ತು. ಹೊಟ್ಟೆ ತುಂಬಾ ಉಂಡು ಮಲಗಿದ ಗಂಡಸಿನ ಗೊರಕೆ. ಗೊರ್… ಪುಸ್… ಗೊರ್… ಪುಸ್…

ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಸದ್ದಾಗದ ಹಾಗೆ ಮೆಟ್ಟಿಲು ಇಳಿದು ಬಂದ್ವಿ, ಅವರ ನಿದ್ದೆ ಕೆಡಬಾರದು ಅಂತ.