ಮೇಡ್ಲೇರಿ ಗ್ರಂಥಾಲಯದಲ್ಲಿ ದುರುಗಪ್ಪ ಹೇಳಿದ ಮಾತು

ಹೆಸರು: ಮೆಹನಾಜ ಕೋಂ ಶಹಬಾಜ ನದಾಫ
ವಯಸ್ಸು: 36 ವರ್ಷ
ಉದ್ಯೋಗ: ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ
ಸಾ: ಮೇಡ್ಲೇರಿ, ತಾ: ರಾಣೆಬೆನ್ನೂರು, ಜಿ: ಹಾವೇರಿ

ಇಂದು ದಿನಾಂಕ 18-02-2025ರಂದು ಮಧ್ಯಾಹ್ನ 12 ಗಂಟೆಗೆ ಠಾಣೆಗೆ ಬಂದು, ತಾವು ಕೇಳಿದ್ದಕ್ಕೆ ನನಗೆ ಗೊತ್ತಿದ್ದಷ್ಟನ್ನು ನನ್ನ ಬಾಯಿಂದಲೇ ಹೇಳಿ ಬರೆಸುವುದೇನೆಂದರೆ:

ನಾನು ಆರು ವರ್ಷಗಳಿಂದ ಮೇಲ್ಕಂಡ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಗಂಡ ರಾಣೆಬೆನ್ನೂರಿನಲ್ಲಿ ಆಟೋ ಓಡಿಸುತ್ತಾರೆ. ಗ್ರಂಥಾಲಯ ಒಂದೇ ಕೋಣೆ, ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಸಣ್ಣ ಮಕ್ಕಳು ಚಿತ್ರದ ಪುಸ್ತಕಕ್ಕೆ ಬರುತ್ತಿದ್ದರು, ವಯಸ್ಸಾದವರು ಪೇಪರಿಗೆ ಬರುತ್ತಿದ್ದರು. ಎಂಟನೇ ತರಗತಿ ದಾಟಿದ ಹುಡುಗ ಹುಡುಗಿಯರು ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ. ಅವರನ್ನು ಕರೆತರಬೇಕೆಂದು ಎರಡು ವರ್ಷದ ಹಿಂದೆ ನಾನೇ ಒಂದು ಕಾರ್ಯಕ್ರಮ ಶುರು ಮಾಡಿದೆ. ತಿಂಗಳ ಮೂರನೇ ಶನಿವಾರ ಮಧ್ಯಾಹ್ನ ಎರಡೂವರೆಗೆ ಊರಿನ ಒಬ್ಬ ಹಿರಿಯರು ಬಂದು ತಮ್ಮ ಕಸುಬಿನ ಬಗ್ಗೆ ಹೇಳುತ್ತಾರೆ. ಮಕ್ಕಳು ಡಬ್ಬಿಯಿಂದ ಒಂದೊಂದು ಚೀಟಿ ಎತ್ತಿ ಅದರಲ್ಲಿರುವ ಪ್ರಶ್ನೆ ಕೇಳುತ್ತಾರೆ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಆ ನೋಟ್‌ಬುಕ್ಕುಗಳನ್ನು ಉಳಿದ ಪುಸ್ತಕಗಳ ಜೊತೆಗೇ ಕಪಾಟಿನಲ್ಲಿಟ್ಟಿದ್ದೇನೆ. ಅಚ್ಚಾದ ಪುಸ್ತಕಕ್ಕಿಂತ ಮಕ್ಕಳು ಅವನ್ನೇ ಹೆಚ್ಚು ಓದುತ್ತಾರೆ. ಇದುವರೆಗೆ ಸೂಲಗಿತ್ತಿ ಉಚ್ಚಂಗೆವ್ವ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಹಮಾಲರೊಬ್ಬರು, ಬೀಜಕ್ಕೆಂದು ಹತ್ತಿ ಹೂವಿನ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳು, ಹೀಗೆ ಅನೇಕರು ಬಂದುಹೋಗಿದ್ದಾರೆ. ಯಾವತ್ತೂ ಏನೂ ತೊಂದರೆ ಆಗಿರಲಿಲ್ಲ.

ದಿನಾಂಕ 13-02-2025ರಂದು ಗುರುವಾರ ಸಂಜೆ 5 ಗಂಟೆಗೆ ನಾನು ನಮ್ಮೂರಿನ ದುರುಗಪ್ಪ ಅಂಬಿಗೇರ, ವಯಸ್ಸು 68, ಇವರ ಮನೆಗೆ ಹೋದೆ. ಸೇತುವೆ ಆಗುವ ಮೊದಲು ಇವರು ತುಂಗಭದ್ರಾ ನದಿಯಲ್ಲಿ ತೆಪ್ಪ ಹಾಕಿ ಜನರನ್ನು ದಾಟಿಸುತ್ತಿದ್ದರು. ಶನಿವಾರ ಬಂದು ಮಕ್ಕಳ ಮುಂದೆ ಮಾತನಾಡಿ ಎಂದು ಕೇಳಿದೆ. ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ, ನೀರಷ್ಟೇ ಇದೆ ಎಂದು ಸದರಿಯವರು ತಲೆ ಅಲ್ಲಾಡಿಸಿದರು. ನಾನು ಮತ್ತೆರಡು ಸಲ ಒತ್ತಾಯ ಮಾಡಿದೆ. ಆಮೇಲೆ ಒಪ್ಪಿದರು. ಒತ್ತಾಯ ಮಾಡಿದ್ದು ನಾನೇ ಎಂಬುದನ್ನು ಇಲ್ಲಿ ಬರೆಸಬೇಕು.

ದಿನಾಂಕ 15-02-2025ರಂದು ಶನಿವಾರ ಮಧ್ಯಾಹ್ನ 2-35ಕ್ಕೆ ಸದರಿಯವರು ಬಂದರು. ಒಗೆದ ಧೋತರ, ಬಿಳಿ ಅಂಗಿ ಹಾಕಿದ್ದರು. ಒಟ್ಟು ಹನ್ನೊಂದು ಮಕ್ಕಳಿದ್ದರು, ಹದಿಮೂರರಿಂದ ಹದಿನಾರು ವಯಸ್ಸಿನವರು. ಬಿದಿರು ಸೀಳಿ ತೆಪ್ಪ ಹೆಣೆಯುವುದು ಹೇಗೆ, ಡಾಂಬರು ಬಳಿಯುವುದು ಹೇಗೆ ಎಂದು ಪಕ್ಕದ ಮನೆಯ ಬುಟ್ಟಿ ತರಿಸಿ ತೋರಿಸಿದರು. ಒಂದು ಸಲ ಮದಲಗಿತ್ತಿಯ ಜೊತೆ ಹೋತವನ್ನೂ ಹತ್ತಿಸಿಕೊಂಡು, ದಂಡೆ ಮುಟ್ಟುವಷ್ಟರಲ್ಲಿ ಹೋತ ಅವಳ ತಲೆಯ ಹೂವನ್ನೆಲ್ಲ ತಿಂದು ಮುಗಿಸಿತ್ತು ಎಂದು ಹೇಳಿದಾಗ ಮಕ್ಕಳು ಬಹಳ ನಕ್ಕರು. ಸದರಿಯವರೂ ನಕ್ಕರು. ಅವರು ನಕ್ಕಿದ್ದನ್ನು ನಾನು ಆರು ವರ್ಷದಲ್ಲಿ ನೋಡಿದ್ದು ಅದೇ ಮೊದಲು.

3-10ಕ್ಕೆ ಚೀಟಿ ಎತ್ತುವುದು ಶುರುವಾಯಿತು. ಮೊದಲು ಚೇತನಕುಮಾರ ಎಂಬ ಹುಡುಗ ನದಿಯ ಆಳದ ಬಗ್ಗೆ ಕೇಳಿದ. ಹೀಗೆ ಆರು ಮಕ್ಕಳ ಪ್ರಶ್ನೆಗಳು ಮುಗಿದವು. ಏಳನೆಯವಳು ಅರುಣಾ, ವಯಸ್ಸು 15, ಹತ್ತನೇ ತರಗತಿ. ಇವಳು ಎತ್ತಿದ ಚೀಟಿಯಲ್ಲಿ, ನಿಮ್ಮ ತೆಪ್ಪದಲ್ಲಿ ಯಾವತ್ತಾದರೂ ಯಾರಾದರೂ ಮುಳುಗಿದ್ದರೇ ಎಂಬ ಪ್ರಶ್ನೆ ಇತ್ತು. ಹನ್ನೊಂದು ಚೀಟಿಗಳನ್ನೂ ಹಿಂದಿನ ದಿನ ನನ್ನ ಕೈಯಿಂದಲೇ ಬರೆದಿದ್ದೆ. ಯಾರಿಗೆ ಯಾವುದು ಬರಬೇಕೆಂದು ನಾನು ಮಾಡಿದ್ದಲ್ಲ. ಅರುಣಾ ಚೀಟಿ ನೋಡಿಕೊಂಡು, "ಅಜ್ಜಾರ, ನಿಮ್ಮ ತೆಪ್ಪದಾಗ ಯಾರರ ಮುಳುಗ್ಯಾರೇನ್ರಿ?" ಎಂದು ಕೇಳಿದಳು.

ಸದರಿಯವರು ಬುಟ್ಟಿಯನ್ನು ತೊಡೆಯ ಮೇಲಿಂದ ತೆಗೆದು ನೆಲಕ್ಕಿಟ್ಟರು. ಆಮೇಲೆ, ನೀನು ಯಾರ ಮಗಳು ಎಂದು ಕೇಳಿದರು. ಅವಳು ಮಾಲತೇಶನ ಮಗಳು ಎಂದಳು. ಗುಡ್ಡವ್ವನ ಮೊಮ್ಮಗಳೇ ಎಂದು ಕೇಳಿದರು. ಅವಳು ಹೌದು ಎಂದಳು. ನಾನು ಅವರಿಗೆ ನೆನಪಿಲ್ಲ ಎಂದುಕೊಂಡು ಮುಂದಿನ ಚೀಟಿ ಎತ್ತಲು ಹೇಳಿದೆ. ಸದರಿಯವರು ಕೈ ಎತ್ತಿ ನನ್ನನ್ನು ತಡೆದರು. "ತಡೀರಿ ಅಕ್ಕಾರ. ಕೂಸು ಕೇಳಾಕತ್ತೈತಿ. ಹೇಳ್ತೇನಿ," ಎಂದರು.

ನಂತರ ಅವರು ಹೇಳಿದ್ದು ಏನೆಂದರೆ, 1992ನೇ ಇಸವಿ ಶ್ರಾವಣದಲ್ಲಿ ಹೊಳೆ ತುಂಬಿತ್ತು, ತೆಪ್ಪ ಹಾಕಬಾರದೆಂದು ಊರಲ್ಲಿ ಡಂಗುರ ಹೊಡೆಸಿದ್ದರು. ಆದರೂ ಒಂದು ದಿನ ಇಳಿಹೊತ್ತಿನಲ್ಲಿ ಮೈಲಾರೆಪ್ಪ ಎಂಬವನು ಒಬ್ಬನೇ ಬಂದು, ದಾಟಿಸು ಎಂದು ಬಹಳ ಕೇಳಿಕೊಂಡ. ತಾನು ಒಪ್ಪಿದೆ. ನಡುಹೊಳೆಯಲ್ಲಿ ತೇಲಿಬಂದ ಮರವೊಂದು ಬಡಿದು ತೆಪ್ಪ ಮಗುಚಿತು. ತಾನು ಈಜಿ ದಂಡೆ ಸೇರಿದೆ, ಅವನು ಸೇರಲಿಲ್ಲ. ಮರುದಿನ ಬೆಳಿಗ್ಗೆ ಹುಡುಕುತ್ತ ಹೋದಾಗ ಕೆಳಗಡೆ ಎರಡು ಕಿಲೋಮೀಟರ್ ದೂರದಲ್ಲಿ ಹೆಣ ಸಿಕ್ಕಿತು. ಆಗ ತನ್ನ ಮನೆಯಲ್ಲಿ ಹೆಂಡತಿ ಹೆತ್ತು ಹನ್ನೊಂದು ದಿನವಾಗಿತ್ತು. ಜೈಲಿಗೆ ಹಾಕುತ್ತಾರೆಂದು ಹೆದರಿ, ಯಾರಿಗೂ ತಿಳಿಸದೆ ಅಲ್ಲಿಯೇ ಗುಂಡಿ ತೋಡಿ ಹೂಳಿದೆ ಎಂದರು. ಕೊನೆಗೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸುತ್ತೇನೆ: "ವಾರ ಒಪ್ಪತ್ತಿನ್ಯಾಗ ಮಂದಿ, ಮೈಲಾರೆಪ್ಪ ಆಚಿ ದಂಡಿಯವಳನ್ನ ಕಟಗೊಂಡು ಹ್ವಾದ ಅನ್ನಾಕ ಹತ್ತಿದ್ರು. ನನ್ನೂ ಕೇಳಿದ್ರು. ನಾನೂ ಹೂಂ ಅಂದ್ನಿ. ಮುಳುಗಿಸಿದ್ದು ಹೊಳಿ. ಹೂಂ ಅಂದಾಂವ ನಾನು."

ಮೈಲಾರೆಪ್ಪ ಎಂಬವರು ಅರುಣಾಳ ಅಜ್ಜ. ಗುಡ್ಡವ್ವನ ಗಂಡ. ಗಂಡ ಬಿಟ್ಟುಹೋದವಳೆಂದು ಗುಡ್ಡವ್ವನನ್ನು ಊರಿನಲ್ಲಿ ಸೋಬಾನಕ್ಕೆ, ಆರತಿಗೆ ಯಾರೂ ಕರೆಯುವುದಿಲ್ಲ. ಹಣೆಗೆ ಕುಂಕುಮ ಹಚ್ಚಿಕೊಂಡು ಹೊರಬಂದರೆ, ಯಾರ ಹೆಸರಿನಲ್ಲಿ ಹಚ್ಚಿಕೊಂಡೆ ಎಂದು ಕೇಳಿದವರನ್ನು ನಾನೇ ಕಂಡಿದ್ದೇನೆ. ಮಗ ಮಾಲತೇಶ ತನ್ನ ಮಗಳ ಶಾಲೆಯ ಯಾವ ಕಾಗದದಲ್ಲೂ ಅಜ್ಜನ ಹೆಸರು ಬರೆಸಿಲ್ಲ.

ಇಷ್ಟನ್ನು ಹೇಳುವಾಗ ಅರುಣಾ ಬರೆಯುತ್ತಲೇ ಇದ್ದಳು. ಹಿರಿಯರು ಮಾತಾಡುವಾಗ ಪೆನ್ನು ನಿಲ್ಲಿಸಬಾರದೆಂದು ನಾನೇ ಕಲಿಸಿದ್ದೆ. ಮೈಲಾರೆಪ್ಪ ಎಂಬ ಹೆಸರನ್ನೂ ಬರೆದಳು. ಅಕ್ಷರ ಸೊಟ್ಟ ಆಗಿಲ್ಲ. ಆಮೇಲೆ ನಾಲ್ಕು ಸಾಲು ಬರೆದು, ಐದನೆಯ ಸಾಲಿನ ನಡುವೆ ನಿಲ್ಲಿಸಿದ್ದಾಳೆ. ಸದರಿ ನೋಟ್‌ಬುಕ್ಕನ್ನು ಇದರ ಜೊತೆ ಹಾಜರುಪಡಿಸಿದ್ದೇನೆ.

ಆಗ ಸಮಯ 3-26 ಆಗಿತ್ತು. ಕಾರ್ಯಕ್ರಮ ನಾಲ್ಕು ಗಂಟೆಯವರೆಗೆ ಇರುತ್ತದೆ. ನಾನು ಎದ್ದುನಿಂತು, ಟೈಮ್ ಆಯಿತು, ಎಲ್ಲರೂ ಅಜ್ಜನಿಗೆ ಥ್ಯಾಂಕ್ಸ್ ಹೇಳಿ ಎಂದೆ. ಪ್ರತಿ ತಿಂಗಳೂ ಕೊನೆಗೆ ಹೇಳುವ ಮಾತು ಅದು. ಯಾಕೆ ಹೇಳಿದೆನೋ ನನಗೆ ಈಗಲೂ ತಿಳಿಯುತ್ತಿಲ್ಲ. ಇಬ್ಬರು ಮಕ್ಕಳು ಥ್ಯಾಂಕ್ಸ್ ಅಂದೂಬಿಟ್ಟರು. ಆಮೇಲೆ ಕೈಸರ ಎಂಬ ಹುಡುಗ ಅಳುವುದಕ್ಕೆ ಶುರು ಮಾಡಿದ. ಅರುಣಾ ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಓಡಿದಳು.

ಮಕ್ಕಳನ್ನು ಮನೆಗೆ ಹೋಗಿ ಎಂದೆ, ಯಾರೂ ಹೋಗಲಿಲ್ಲ. ವಯಸ್ಸಿನಿಂದ ಏನೋ ಮರೆವಾಗಿ ಹೇಳುತ್ತಿರಬಹುದೆಂದು ನಾನು ಸದರಿಯವರನ್ನು ಮತ್ತೆ ಕೇಳಿದೆ. ಮರೆವಾಗಿದ್ದರೆ ಹೇಳುತ್ತಲೇ ಇರಲಿಲ್ಲ, ಜಾಗ ತೋರಿಸುತ್ತೇನೆ, ಪೊಲೀಸರನ್ನು ಕರೆಯಿರಿ ಎಂದರು. ನಾನು ನನ್ನ ಗಂಡನಿಗೆ ಫೋನ್ ಮಾಡಿದೆ. ಅವರು ಮೂರು ಸಲ ಏನಾಯಿತೆಂದು ಕೇಳಿದರು. 3-41ಕ್ಕೆ 112ಕ್ಕೆ ಫೋನ್ ಮಾಡಿದೆ.

3-50ಕ್ಕೆ ಅರುಣಾ ತನ್ನ ಅಜ್ಜಿ ಗುಡ್ಡವ್ವನನ್ನು ಕರೆದುಕೊಂಡು ಬಂದಳು. ಗುಡ್ಡವ್ವನ ವಯಸ್ಸು 58. ಹೊಲದಿಂದ ನೇರ ಬಂದಿದ್ದರು, ಕೈಗೆ ಮಣ್ಣು ಮೆತ್ತಿತ್ತು. ಬಾಗಿಲಲ್ಲಿ ಮೂವತ್ತು ಜನ ಸೇರಿದ್ದರು. ಮುದುಕನನ್ನು ಹೊರಗೆಳೆಯಿರಿ ಎಂದು ಕೆಲವರು ಕೂಗುತ್ತಿದ್ದರು. ಗುಡ್ಡವ್ವ ಸದರಿಯವರ ಎದುರಿಗೆ ಎರಡು ಅಡಿ ದೂರದಲ್ಲಿ ನಿಂತು ನೋಡಿದರು. ಬೈಯಲಿಲ್ಲ, ಅಳಲಿಲ್ಲ. ನಂತರ ಮೊಮ್ಮಗಳ ಚಪ್ಪಲಿ ಹುಡುಕಿ, ಬಗ್ಗಿ ಅವಳ ಕಾಲಿಗೆ ತೊಡಿಸಿ, ಕೈ ಹಿಡಿದುಕೊಂಡು ಹೋದರು. 4-30ಕ್ಕೆ ತಮ್ಮ ವಾಹನ ಬಂತು. ಅಲ್ಲಿಯ ತನಕ ದುರುಗಪ್ಪ ಅವರು ಕುರ್ಚಿಯಿಂದ ಏಳಲಿಲ್ಲ.

ದಿನಾಂಕ 16-02-2025ರಂದು ಭಾನುವಾರ ಬೆಳಿಗ್ಗೆ 8 ಗಂಟೆಗೆ ನಾನು ಗುಡ್ಡವ್ವನ ಮನೆಗೆ ಹೋದೆ. ನಾನು ಕರೆಸಿದ್ದರಿಂದಲೇ ಇದೆಲ್ಲ ಆಯಿತೆಂದು ಬೈದರೂ ಬೈಸಿಕೊಳ್ಳಬೇಕೆಂದು ಹೋಗಿದ್ದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಕುಂದ್ರು ಎಂದರು. ಕೇಳದಿದ್ದರೂ ಅವರಾಗಿ ಹೇಳಿದ್ದು ಏನೆಂದರೆ, ಗಂಡ ದೊಡ್ಡಾಟದಲ್ಲಿ ವೇಷ ಕಟ್ಟುತ್ತಿದ್ದ, ತಾಲೀಮಿಗೆಂದು ಆಗಾಗ ಹೊಳೆ ದಾಟಿ ಆಚೆ ಊರಿಗೆ ಹೋಗುತ್ತಿದ್ದ. ಆ ಶ್ರಾವಣದಲ್ಲಿ ಹೊಲದಲ್ಲಿ ಕಳೆಗೆ ಎಡೆ ಹೊಡೆಯುವ ಕೆಲಸ ಬಿಟ್ಟು ಹೊರಟುನಿಂತಾಗ ಜಗಳವಾಗಿ, ಹ್ವಾದ್ರ ಹೋಗು, ತಿರುಗಿ ಮಾರಿ ತೋರಿಸಬ್ಯಾಡ ಎಂದು ತಾನು ಅಂದಿದ್ದೆ. ಅವನು ಹೋದ. ಮಗನನ್ನು ಮನೆಯಿಂದ ಹೊರಗೆ ಹಾಕಿದ್ದು ಸೊಸೆಯ ಬಾಯಿ ಎಂದು ಅತ್ತೆ ಸಾಯುವತನಕ ಅನ್ನುತ್ತಿದ್ದಳು, ತಾನೂ ಹಾಗೆಯೇ ತಿಳಿದಿದ್ದೆ ಎಂದರು. ಇಷ್ಟು ಹೇಳಿ ನನಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ನಾನು ತಿಂದೆ.

ದಿನಾಂಕ 17-02-2025ರಂದು ಸೋಮವಾರ ಬೆಳಿಗ್ಗೆ 9-30ಕ್ಕೆ ತಾವು, ತಹಶೀಲ್ದಾರರು, ಡಾಕ್ಟರು ನದಿ ದಂಡೆಗೆ ಬಂದಿರಿ. ಗುಡ್ಡವ್ವ ಜೊತೆಗೆ ಬಾ ಎಂದಿದ್ದರಿಂದ ನಾನೂ ಹೋದೆ. ಅರುಣಾಳನ್ನು ಬಿಟ್ಟುಬಂದಿದ್ದೆವು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವ ಮಗ ಮಾಲತೇಶ, ವಯಸ್ಸು 38, ಬಂದಿದ್ದ. ದುರುಗಪ್ಪ ಅವರು ನೀರಿನಿಂದ ನಲವತ್ತು ಹೆಜ್ಜೆ ಮೇಲಿರುವ ಬಳ್ಳಾರಿ ಜಾಲಿಯ ಮೆಳೆಯೊಂದನ್ನು ತೋರಿಸಿದರು. ನಾಲ್ಕು ಜನ ಕೂಲಿಗಳು ಜಾಲಿ ಕಡಿದು ಅಗೆದರು. 10-50ಕ್ಕೆ ಮೂರು ಅಡಿ ಆಳದಲ್ಲಿ ಎಲುಬು ಕಂಡಿತು. 11-20ಕ್ಕೆ ಒಂದು ತಾಮ್ರದ ಕಡಗ ಸಿಕ್ಕಿತು. ತಾವು ಅದನ್ನು ಗುಡ್ಡವ್ವನಿಗೆ ತೋರಿಸಿದಿರಿ. ಅವರು ಸೆರಗಿನಿಂದ ಮಣ್ಣು ಒರೆಸಿ ನೋಡಿ, ಗಂಡನದೇ ಎಂದು ತಲೆ ಆಡಿಸಿದರು.

ಮಾಲತೇಶ ದುರುಗಪ್ಪ ಅವರ ಅಂಗಿ ಹಿಡಿದು ಎಳೆದಾಡಿದ. ತಮ್ಮ ಸಿಬ್ಬಂದಿ ಬಿಡಿಸಿದರು. ನಂತರ ಅವನು ತಾಯಿಗೆ ಹೇಳಿದ್ದು, "ಅಳಬ್ಯಾಡಬೇ. ನಮ್ಮನ್ನ ಬಿಟ್ಟು ಹೊಂಟಾಂವ ಹೊಂಟಿದ್ದ. ಆಚಿ ಊರು ಮುಟ್ಟಲಿಲ್ಲ, ನಡಬರಕ ಸತ್ತಾನ, ಅಷ್ಟ." ಗುಡ್ಡವ್ವ ಅಳುತ್ತಿರಲಿಲ್ಲ.

ಅವರು ಕಡಗ ಹಿಡಿದುಕೊಂಡೇ ದುರುಗಪ್ಪ ಅವರ ಹತ್ತಿರ ಹೋದರು. ಶನಿವಾರದಿಂದ ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. "ದುರುಗಾ, ಒಂದು ಮಾತು ಖರೇ ಹೇಳು. ಅವತ್ತ ನಿನ್ನ ತೆಪ್ಪದಾಗ ಅಂವ ಹೊಂಟಿದ್ನೋ, ಬರಾಕತ್ತಿದ್ನೋ?" ಎಂದು ಕೇಳಿದರು.

ದುರುಗಪ್ಪ ಅವರಿಗೆ ಮೊದಲು ತಿಳಿಯಲಿಲ್ಲ. ಗುಡ್ಡವ್ವ ಆಚೆ ದಂಡೆಗೆ ಒಮ್ಮೆ, ಈಚೆ ದಂಡೆಗೆ ಒಮ್ಮೆ ಕೈ ಮಾಡಿ ಮತ್ತೆ ಕೇಳಿದರು.

"ಬರಾಕತ್ತಿದ್ದಬೇ," ಎಂದರು ದುರುಗಪ್ಪ. "ಆಚಿ ದಂಡ್ಯಾಗ ಹತ್ತಿದ. ಮನಿಗೆ ಬರಾಕತ್ತಿದ್ದ. ಲಗೂ ಹುಟ್ಟು ಹಾಕೋ ದುರುಗಾ, ಮನ್ಯಾಗ ಬೈಸ್ಕೊಳ್ಳೋದು ಬಾಳ ಐತಿ ಅಂತ ನಗತಿದ್ದ."

ಅಗೆಯುವವರು ಕೈ ನಿಲ್ಲಿಸಿದರು. ಮಾಲತೇಶ ಮರಳಿನ ಮೇಲೆ ಕುಳಿತುಬಿಟ್ಟ. ಅಪ್ಪಾ ಎಂದ. ಆ ಶಬ್ದವನ್ನು ಅವನ ಬಾಯಲ್ಲಿ ಊರಿನ ಯಾರೂ ಕೇಳಿರಲಿಲ್ಲ ಎಂದು ಆಮೇಲೆ ಜನ ಅಂದರು. ಗುಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನೀರಿನ ಕಡೆ ನೋಡುತ್ತ ನಿಂತರು. ಬೀಳುತ್ತಾರೆಂದು ನಾನು ಹಿಡಿಯಲು ಹೋದೆ. ಅವರು ಬೀಳಲಿಲ್ಲ.

"ಬೈತಿದ್ನಿ," ಎಂದರು. "ಖರೇನ ಬೈತಿದ್ನಿ. ಬೈದು, ಉಣ್ಣಾಕ ಹಾಕತಿದ್ನಿ."

ಮೇಲೆ ಬರೆಸಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಯಾರ ಹೆದರಿಕೆಗೂ ಹೇಳಿದ್ದಲ್ಲ. ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ಎರಡು ಕಡೆ ತಿದ್ದಿಸಿದ್ದೇನೆ, ಉಳಿದದ್ದು ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ರಾಣೆಬೆನ್ನೂರು
ದಿನಾಂಕ: 18-02-2025
ಸಹಿ: ಮೆಹನಾಜ ಎಸ್. ನದಾಫ