ಮಾದಲದ ಗಿಡ ಮುದುಡಿದಾಗ

ಮೋಸಂಬಿ ಬೆಳೆದೇ ಶ್ರೀಮಂತನಾದವನೊಬ್ಬ ಒಂದೂರಲ್ಲಿದ್ದ. ಸಿರಿಗಿಂತ ದೊಡ್ಡದು ಅವನ ಕೈಗುಣದ ಹೆಸರು. ಸುತ್ತಲಿನ ಊರುಗಳಲ್ಲಿ ಯಾರೇ ತೋಟ ಮಾಡಲಿ, ಕಸಿ ಕಟ್ಟಲು ಅವನೇ ಬರಬೇಕು. ತನ್ನ ಹಳೇ ಮರದ ಕಡ್ಡಿ ತರುತ್ತಿದ್ದ, ತನ್ನದೇ ಚಾಕು ತರುತ್ತಿದ್ದ, ಒಂದು ಕಾಸು ಮುಟ್ಟುತ್ತಿರಲಿಲ್ಲ. ಎಷ್ಟು ಒಳ್ಳೆಯವನು, ನೋಡಿ!

ಒಂದು ದಿನ ಸಸಿ ಬೆಳೆಸುವ ಹೆಂಗಸೊಬ್ಬಳು ಅವನ ಅಂಗಳಕ್ಕೆ ಬಂದಳು. "ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ನೀವು ಕಸಿ ಕಟ್ಟಿದ ಗಿಡ ನಾಕೈದು ಹೊಲದಾಗ ಬೆಳೀವಲ್ಲವು. ನಿಮ್ಮ ಮರದಾಗ ವೈರಾಯ್ಡ್ ಅನ್ನೋ ರೋಗ ಇರಬೇಕ್ರಿ."

"ನನ್ನ ಮರದಾಗ? ಮೈತುಂಬ ಹಣ್ಣು ಕಾಣೂದಿಲ್ಲೇನು ನಿನಗ?"

ಆ ರೋಗವೇ ಹಾಗೆ, ನೋಡಿ. ಗಟ್ಟಿ ಮರದೊಳಗೆ ಸುಮ್ಮನೆ ಕೂತಿರುತ್ತದೆ. ಕಸಿಯ ಕಡ್ಡಿಯಲ್ಲಿ, ಕೊಯ್ದ ಚಾಕುವಿನಲ್ಲಿ ಇನ್ನೊಂದು ಗಿಡಕ್ಕೆ ಹೋಗುತ್ತದೆ. ಅದನ್ನು ಪತ್ತೆ ಹಚ್ಚಲು ನಿಂಬೆಯ ಜಾತಿಯದೇ ಆದ ಮಾದಲದ ಗಿಡ ಬೇಕು. ಮಾದಲ ಬಹಳ ನಾಜೂಕು. ರೋಗದ ಮರದ ತುಂಡು ಸೇರಿತೋ, ಎಲೆ ಮುದುಡಿಬಿಡುತ್ತದೆ. ಆಕೆ ಎರಡು ಮಾದಲದ ಕುಂಡ ತಂದಿಟ್ಟು, ಒಂದಕ್ಕೆ ಮಾತ್ರ ಅವನ ಮರದ ಕಸಿ ಕಟ್ಟಿ ಹೋದಳು.

ಅವನಿಗೆ ಭಯ ಹತ್ತಿತು. ಎದ್ದ ಕೂಡಲೇ ಕುಂಡದ ಹತ್ತಿರ ಓಡುತ್ತಿದ್ದ. ಎಲೆ ನೆಟ್ಟಗಿದ್ದರೆ ಅವತ್ತು ಊಟ ಸೇರುತ್ತಿತ್ತು. ಮೂರು ತಿಂಗಳಾಯಿತು. ಅವನ ಮಗಳೂ ತನ್ನ ಹೊಲದಲ್ಲಿ ತೋಟ ಹಾಕಿದ್ದಳು; ಅಲ್ಲಿ ಕಸಿ ಕಟ್ಟುವ ದಿನ ಹತ್ತಿರ ಬಂತು. ಆಗ ಕಂಡಿತು. ಕಸಿ ಕಟ್ಟಿದ ಗಿಡದ ಎಲೆಗಳೆಲ್ಲ ಕೆಳಮುಖವಾಗಿ ಮುದುಡಿದ್ದವು. ಪಕ್ಕದ ಗಿಡ ಚೆನ್ನಾಗಿಯೇ ಇತ್ತು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ: ಎಷ್ಟು ಊರು ತಿರುಗಿದ್ದೆ! ಎಷ್ಟು ತೋಟ ಮುಟ್ಟಿದ್ದೆ! ಈಗ ಹೇಳಿದರೆ ಜನ ಏನಂದಾರು?

ಏನು ಮಾಡಿದ ಹೇಳಿ? ಮರ ಕಡಿದನೇ? ಚಾಕು ಎಸೆದನೇ? ಇಲ್ಲ. ಕುಂಡದಲ್ಲಿ ಮುದುಡಿದ್ದ ಗಿಡ ಕಿತ್ತು ತಿಪ್ಪೆಗೆ ಹಾಕಿದ. "ನಿನ್ನ ಗಿಡಾನ ಸೊರಗಿತ್ತವ್ವಾ" ಎಂದು ಆಕೆಗೆ ಹೇಳಿದ. ಮಗಳ ಹೊಲಕ್ಕೆ ಹೋಗಿ, ಅದೇ ಮರದ ಕಡ್ಡಿಯಿಂದ, ಅದೇ ಚಾಕುವಿನಿಂದ ಕಸಿ ಕಟ್ಟಿ ಬಂದ.

ಐದು ವರ್ಷಕ್ಕೆ ಮಗಳ ಗಿಡಗಳು ಸೊಂಟದೆತ್ತರಕ್ಕೇ ನಿಂತುಬಿಟ್ಟವು, ಬುಡದ ತೊಗಟೆ ಸುಲಿದು ಬಂತು. "ಅಪ್ಪಾ, ಇದು ನಿನಗ ಮೊದಲ ಗೊತ್ತಿತ್ತೇನು?" ಅಂದಳು ಮಗಳು. ಅವನು ಬಗ್ಗಿ, ಸುಲಿದ ತೊಗಟೆಯನ್ನು ಮತ್ತೆ ಬುಡಕ್ಕೆ ಒತ್ತಿಡಲು ನೋಡಿದ. ಅಂದಿನಿಂದ ಅವಳು ಅವನನ್ನು ಅಪ್ಪಾ ಎಂದು ಕರೆಯಲಿಲ್ಲ.

ಅವನು ಕೆಟ್ಟದ್ದು ಯಾವಾಗ? ಅರಿಯದೆ ಕಸಿ ಕಟ್ಟಿದಾಗಲೇ? ಅಲ್ಲ ತಾಯಂದಿರೇ, ಗಿಡ ಕಿತ್ತಾಗ.

'ಅಯ್ಯೋ, ಎಂಥ ಮನುಷ್ಯ' ಅಂತೀರಿ. ಸರಿ, ನಿಮ್ಮ ಮನೆಯಲ್ಲಿ ಆ ಮುದುಡಿದ ಗಿಡ ಯಾರು? ನೀವು ಹೊಸ್ತಿಲು ದಾಟಿದ ಕೂಡಲೇ ಮಾತು ನಿಲ್ಲಿಸಿ ಒಳಗೆ ಸರಿಯುವವರು ಯಾರು? ಸೊಸೆಯೇ? ಮಗನೇ? 'ಅದರ ಸ್ವಭಾವಾನ ಹಂಗ' ಅಂತೀರಿ. ಊರೆಲ್ಲ ನಿಮ್ಮನ್ನು ಒಳ್ಳೆಯವರು ಅನ್ನುತ್ತದೆ, ಅದಕ್ಕೇ ನಿಮಗೆ ಕೇಳಲು ಹೆದರಿಕೆ. ಹೆದರಿ. ಹೆದರಿಕೊಂಡೇ ಕೇಳಿ. ಇವತ್ತೇ ಅವರ ಮುಂದೆ ಕೂತು, 'ನನ್ನಿಂದ ನಿನಗೇನು ನೋವಾಗಿದೆ?' ಅನ್ನಿ. ಅವರು ಹೇಳಿ ಮುಗಿಸುವ ತನಕ ಬಾಯಿ ತೆರೆಯಬೇಡಿ. ಮುಗಿಸಿದ ಮೇಲೂ, 'ತಪ್ಪು ನಿನ್ನದೇ' ಅನ್ನಬೇಡಿ.